ಸೂಜಿಯಕ್ಕನ ಕೈ

ಸೂಜಿಯಕ್ಕನ ಕೈಯಲ್ಲಿ ಗಾಜಿನ ಲೋಟವೊಂದು ವಾರ ಪೂರ್ತಿ ಬಾಳಿದ ದಾಖಲೆ ಅವರ ಮನೆಯ ಇತಿಹಾಸದಲ್ಲಿಲ್ಲ. ಮದುವೆಗೆ ಬಂದ ಪಿಂಗಾಣಿ ಬಟ್ಟಲುಗಳೆಲ್ಲ ಮೊದಲ ವರ್ಷದಲ್ಲೇ ಸದ್ಗತಿ ಪಡೆದಿದ್ದವು. ಅವರು ಅಡುಗೆಮನೆಗೆ ಕಾಲಿಟ್ಟರೆ ಅಳಿದುಳಿದ ತಟ್ಟೆಗಳು ಪ್ರಾಣಭಯದಿಂದ ತಾವಾಗಿಯೇ ಕಪಾಟಿನೊಳಕ್ಕೆ ಸರಿಯುತ್ತಿದ್ದವೆಂದು ಅತ್ತೆ ಆಣೆಯಿಟ್ಟು ಹೇಳುತ್ತಿದ್ದರು.

ಅದೇ ಕೈ ಆಸ್ಪತ್ರೆಯ ಪ್ರಯೋಗಾಲಯದಲ್ಲಿ, ಸೂಕ್ಷ್ಮದರ್ಶಕದಡಿ, ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯಿಂದ ಒಂದೇ ಒಂದು ವೀರ್ಯಾಣುವನ್ನು ಹಿಡಿದು ಅಂಡಾಣುವಿನೊಳಗೆ ಬಿಡುವಾಗ, ಪರ್ವತ ಅಲುಗಿದರೂ ಅಲುಗದು. ಬಿಳಿಕೋಟಿನ ಬಲತೋಳನ್ನು ಮೊಣಕೈವರೆಗೆ ಕತ್ತರಿಸಿ ಬಿಸಾಡಿದ್ದರು. ಅದರ ಅಂಚು ಒಮ್ಮೆ ಸೂಜಿ ನಡೆಸುವ ಹಿಡಿಗೆ ತಾಕಿತ್ತಂತೆ. ಮೇಲಿನವರು ಹೊಸ ಕೋಟು ಕೊಟ್ಟಾಗಲೆಲ್ಲ ಅದಕ್ಕೂ ಅದೇ ಗತಿ.

ಗಡಿಯಾರ ರಿಪೇರಿಯವನೊಬ್ಬ ಮಗುವಿಗಾಗಿ ಹೆಂಡತಿಯೊಡನೆ ಬಂದದ್ದು ಮೂರನೆಯ ಸಲ. ಹಿಂದಿನೆರಡು ಪ್ರಯತ್ನ ಸೋತಿದ್ದವು. ಇದೇ ಕೊನೆಯದೆಂದು ಗಂಡಹೆಂಡಿರು ನಿಶ್ಚಯಿಸಿದ್ದರು. ವೈದ್ಯರು ಅವನ ದೇಹದಿಂದ ತೆಗೆದುಕೊಟ್ಟ ಚೂರುಗಳಲ್ಲಿ ಅಕ್ಕ ಐದು ಗಂಟೆ ಹುಡುಕಿದರು. ಸಿಕ್ಕಿದ್ದು ಒಂದೇ ವೀರ್ಯಾಣು. ಅದೂ ಶುದ್ಧ ಸೋಮಾರಿ. ಬಾಲ ಅಲ್ಲಾಡಿಸುವುದಕ್ಕೂ ಯಾರದೋ ಅಪ್ಪಣೆ ಬೇಕೆಂಬಂತೆ ಬಿದ್ದುಕೊಂಡಿತ್ತು.

ಹೊರಗೆ ಬಂದು ತಿಳಿಸಿದಾಗ ಅವನು ನೆಲ ನೋಡಿದ. "ಬರೀ ಒಂದಾ, ಅಕ್ಕಾ?"

"ನಿಮ್ಮ ಮನೆಯವರು ಎಷ್ಟು ಜನರನ್ನ ಮದುವೆಯಾದ್ರು?"

ಎರಡು ವರ್ಷಗಳಲ್ಲಿ ಮೊದಲ ಸಲ ಅವನ ಹೆಂಡತಿ ನಕ್ಕಳು.

ಒಳಗೆ ಅಕ್ಕ ಸೋಮಾರಿಯ ಬಾಲವನ್ನು ಸೂಜಿಯಿಂದ ಮೆಲ್ಲನೆ ಒತ್ತಿ, ಹೀರಿಕೊಂಡು, ಇದ್ದ ಐದು ಅಂಡಾಣುಗಳಲ್ಲಿ ಚೆಂದದ್ದೊಂದನ್ನು ಆರಿಸಿ, ಚುಚ್ಚಿ, ಬಿಟ್ಟರು. ಅಷ್ಟು ಹೊತ್ತೂ ಅವರು ಉಸಿರಾಡಲಿಲ್ಲ. ಗೋಡೆಯ ಗಡಿಯಾರ ಕೂಡ ಮರ್ಯಾದೆಗೆ ಬಾಯಿ ಮುಚ್ಚಿಕೊಂಡಿತ್ತೆಂದು ಜೊತೆಗಿದ್ದ ನರ್ಸಿನ ಸಾಕ್ಷ್ಯ. ಮರುಬೆಳಿಗ್ಗೆ ಅಂಡಾಣುವಿನ ನಡುವೆ ಎರಡು ಪುಟ್ಟ ವೃತ್ತಗಳು, ತಾಯಿಯದೊಂದು, ತಂದೆಯದೊಂದು, ಮೈಗೆ ಮೈ ತಾಗಿಸಿ ಕುಳಿತಿದ್ದವು. ಗರ್ಭಕ್ಕೆ ದಾಟಿಸಿದ ಮೇಲೂ ಭ್ರೂಣ ಹಿಡಿದ ಪಟ್ಟು ಬಿಡಲಿಲ್ಲ. ಬಸಿರು ನಿಂತಿತೆಂಬ ವರದಿ ಬಂದ ದಿನ ಅಕ್ಕ ಕ್ಯಾಂಟೀನಿಗೆ ಹೋಗಿ, ಸಂತೋಷ ತಡೆಯಲಾರದೆ ಎರಡು ಲೋಟ ಒಡೆದರು.

ಮುಂದಿನ ವರ್ಷ ದಂಪತಿ ಮಗಳನ್ನೆತ್ತಿಕೊಂಡು ಬಂದರು. ಕೂಸು ಮೂರು ಮಹಡಿ ನಡುಗುವಂತೆ ಅಳುತ್ತಿತ್ತು. ಸೋಮಾರಿತನದ ಕುರುಹು ಎಲ್ಲೂ ಇರಲಿಲ್ಲ. ಅಪ್ಪ ಅದನ್ನು ಮುಂದೆ ಚಾಚಿದಾಗ ಅಕ್ಕ ಎರಡು ಹೆಜ್ಜೆ ಹಿಂದೆ ಸರಿದರು.

"ಬೇಡಪ್ಪಾ, ನನ್ನ ಕೈಲಿ ಏನೂ ನಿಲ್ಲಲ್ಲ. ಬೀಳಿಸಿಬಿಡ್ತೀನಿ."

"ಇವಳನ್ನ ಎಲ್ಲರಿಗಿಂತ ಮೊದಲು ಹಿಡಿದಿದ್ದೇ ನೀವು. ಆಗ ಬೀಳಿಸಿದ್ರಾ?"

ಅಕ್ಕ ಹಿಡಿದರು. ಕೋಟಿನ ತೋಳಿಲ್ಲದ ಆ ಬರಿಗೈ ಮೇಲೆ ಕೂಸು ತೆಪ್ಪಗೆ ನಿದ್ದೆಹೋಯಿತು.

ಇಂಥವರ ಬಗೆಯೇ ಹಾಗೆ. ಕಣ್ಣಿಗೆ ಕಾಣುವುದೆಲ್ಲ ಇವರ ಕೈಜಾರೀತು, ಲೋಕ ಅದನ್ನೇ ಕಂಡು ನಕ್ಕೀತು. ಕಾಣದ್ದನ್ನು ಮಾತ್ರ ಒಮ್ಮೆ ಹಿಡಿದರೆಂದರೆ, ಅದು ಎದ್ದು ನಿಂತು ಅಳುವವರೆಗೆ ಬಿಡುವವರಲ್ಲ.