ಅತ್ತೆ ಚಾಚಿದ ಕೈ

ಪ್ರಮೀಳಾ ಕೆಲಸ ಹುಡುಕಲು ಶುರುಮಾಡಿ ಹದಿನಾಲ್ಕು ತಿಂಗಳಾಗಿತ್ತು. ಮದುವೆಗೆ ಮುಂಚೆ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮುಗಿಸಿ, ಮೈಸೂರಿನ ಲ್ಯಾಬೊಂದರಲ್ಲಿ ಒಂದು ವರ್ಷ ದುಡಿದವಳು. ಗಾವಡಗೆರೆಗೆ ಸೊಸೆಯಾಗಿ ಬಂದು, ಮಗಳು ಪುಟ್ಟಿ ಹುಟ್ಟಿ, ಏಳು ವರ್ಷ ಹೇಗೆ ಕಳೆಯಿತೋ ತಿಳಿಯಲಿಲ್ಲ. ಪುಟ್ಟಿ ಸ್ಕೂಲಿಗೆ ಸೇರಿದ ಮೇಲೆ ಟ್ರಂಕಿನಿಂದ ಸರ್ಟಿಫಿಕೇಟುಗಳನ್ನು ಹೊರತೆಗೆದಳು.

ಗಂಡ ಶಿವಣ್ಣನಿಗೂ ಖುಷಿಯೇ. ಆದರೆ ಅವನದು ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಬೇಯಿಸುವ ಬ್ಯಾರನ್‌ಗೆ ಒಮ್ಮೆ ಬೆಂಕಿ ಹಾಕಿದರೆ ಅಲ್ಲಿಂದ ಕದಲುವಂತಿರಲಿಲ್ಲ. "ಅವ್ವುನ್ನ ಜೊತೇಲಿ ಕರ್ಕೊಂಡೋಗು" ಅಂದ. ಹಾಗಾಗಿ ಇಂಟರ್‌ವ್ಯೂಗಳಿಗೆ ಅತ್ತೆ ಚಿಕ್ಕಬೀರಮ್ಮನೇ ಜೊತೆಯಾದಳು.

ಮೊದಲು ಹೋದದ್ದು ಕೆ.ಆರ್. ನಗರಕ್ಕೆ. ಹಿಂದಿನ ದಿನವೇ ಬೇರೆಯವರನ್ನು ತೆಗೆದುಕೊಂಡಾಗಿತ್ತು. ಪಿರಿಯಾಪಟ್ಟಣದಲ್ಲಿ "ಏಳು ವರ್ಷ ಗ್ಯಾಪ್ ಆಗಿದೆಯಲ್ಲಮ್ಮ" ಅಂದರು. ಎಚ್.ಡಿ. ಕೋಟೆಯವರು ಫೋನ್ ಮಾಡುತ್ತೇವೆ ಅಂದರು. ಪ್ರಮೀಳಾ ಒಂದು ತಿಂಗಳು ಪೂರ್ತಿ ಒಲೆಯ ಪಕ್ಕದಲ್ಲೂ ಫೋನ್ ಇಟ್ಟುಕೊಂಡೇ ಅಡುಗೆ ಮಾಡಿದಳು. ಪ್ರತಿಸಲವೂ ಸೊಸೆ ಮುಖ ಇಳಿಬಿಟ್ಟುಕೊಂಡು ಹೊರಬಂದಾಗ ಚಿಕ್ಕಬೀರಮ್ಮ ಹತ್ತಿರದ ಹೋಟೆಲಿಗೆ ಕರೆದೊಯ್ದು, ದೋಸೆ ತಿನ್ನಿಸಿ, ಆಮೇಲೆ, "ಓಗ್ಲಿ ಬುಡವ್ವ. ಇನ್ನೊಂದೂರು ನೋಡ್ದಂಗಾಯ್ತು" ಅನ್ನುತ್ತಿದ್ದಳು. ಅದು ಬರೀ ಸಮಾಧಾನದ ಮಾತಲ್ಲ. ಅರವತ್ತು ದಾಟಿದ್ದರೂ ಅವಳು ಕೆ.ಆರ್. ನಗರ ನೋಡಿದ್ದೇ ಮೊದಲ ಸಲ.

ಕೊಪ್ಪದಲ್ಲಿ ಮಾತ್ರ ದೋಸೆ ತಿನ್ನುವುದಕ್ಕೂ ಆಗಲಿಲ್ಲ. ಅಲ್ಲಿನ ಲ್ಯಾಬಿನವರು ಪ್ರಮೀಳಾ ಕೈಗೆ ಸಿರಿಂಜು ಕೊಟ್ಟು, ತಮ್ಮಲ್ಲಿ ಕೆಲಸಕ್ಕಿದ್ದ ಹುಡುಗಿಯೊಬ್ಬಳ ರಕ್ತ ತೆಗೆಯಲು ಹೇಳಿದ್ದರು. ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ. ಆ ಹುಡುಗಿ ತೋಳನ್ನು ಹಿಂದಕ್ಕೆಳೆದುಕೊಂಡಳು. ಅದೇ ಹೆಚ್ಚು ನೋಯಿಸಿತು.

"ನಂಗಾಗಲ್ಲ ಅತ್ತೆ. ಓದಿದ್ದು ತಲೇಲೈತೆ, ಕೈಗೆ ಮರ್ತೋಗೈತೆ" ಎಂದು ಬಸ್ಸಿನಲ್ಲಿ ಅತ್ತಳು. ಮನೆಗೆ ಬಂದವಳೇ ಫೈಲನ್ನು ಅಟ್ಟಕ್ಕೆ ಎಸೆದಳು.

ನಾಲ್ಕನೆಯ ದಿನ ಬೆಳಿಗ್ಗೆ ಚಿಕ್ಕಬೀರಮ್ಮ ಹಾಲು ಕರೆದು ಬಂದು, ಜಗಲಿಯ ಮೇಲೆ ಕೂತು, ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ ಕೈ ಚಾಚಿದಳು.

"ಏನತ್ತೆ ಇದು?"

"ಕೈಗೆ ಮರ್ತಿದ್ರೆ ಕೈಗೇ ಕಲ್ಸು. ಇಗಾ, ಚುಚ್ಚು."

ಪ್ರಮೀಳಾಗೆ ನಗು ತಡೆಯಲಾಗಲಿಲ್ಲ. ಕೊರೋನಾ ಲಸಿಕೆ ಹಾಕುವವರು ಬೀದಿಗೆ ಬಂದಾಗ ಜೋಳದ ಹೊಲದಲ್ಲಿ ಸಂಜೆಯವರೆಗೆ ಅಡಗಿ ಕೂತಿದ್ದ ಹೆಂಗಸು ಇವಳು! ನಗುತ್ತಿದ್ದ ಹಾಗೇ ಕಣ್ಣು ತುಂಬಿಬಂತು. "ಈಗ್ಲೇ ಚುಚ್ಚಲ್ಲ ಅತ್ತೆ. ಮೊದ್ಲು ನರ ಹುಡುಕ್ತೀನಿ" ಎಂದು ಪಕ್ಕದಲ್ಲಿ ಕೂತಳು.

ಅಂದಿನಿಂದ ಬೆಳಿಗ್ಗೆ ಬೆಳಿಗ್ಗೆ ಅದೇ ಕೆಲಸ. ತೋಳಿಗೆ ಪಟ್ಟಿ ಕಟ್ಟಿ, ಕಣ್ಣು ಮುಚ್ಚಿ, ಬೆರಳ ತುದಿಯಿಂದ ನರ ಮುಟ್ಟಿ ನೋಡುವುದು. ಚಿಕ್ಕಬೀರಮ್ಮ ಅಷ್ಟಕ್ಕೇ ಬಿಡಲಿಲ್ಲ. ಕಾಫಿಗೆಂದು ಬಂದ ಪಕ್ಕದ ಮನೆ ಮಾಯಮ್ಮನನ್ನೂ ಕೂರಿಸಿದಳು. ದಪ್ಪ ತೋಳು, ನರ ಎಲ್ಲೋ ಆಳದಲ್ಲಿ. ಬ್ಯಾರನ್‌ಗೆ ಸೌದೆ ಇಳಿಸಲು ಬಂದ ಕುಳ್ಳಯ್ಯನನ್ನೂ ಬಿಡಲಿಲ್ಲ. ಅವನ ನರಗಳೋ ಹಗ್ಗದಂತೆ ಎದ್ದು ನಿಂತಿದ್ದವು. "ನಮ್ಮನೇಲಿ ಕಾಫಿ ಕುಡುದ್ರೆ ಕೈ ಕೊಡ್ಬೇಕು ಕಣ್ಲಾ" ಎಂದು ಗದರಿದಳು.

ಎರಡು ವಾರ ಕಳೆದ ಮೇಲೆ ಪ್ರಮೀಳಾ ಮೆಡಿಕಲ್ ಸ್ಟೋರಿನಿಂದ ಹೊಸ ಸಿರಿಂಜು ತಂದಳು. ಭಾನುವಾರ ಚಿಕ್ಕಬೀರಮ್ಮ ಒಂದು ತೋಳನ್ನು ಸೊಸೆಯತ್ತ ಚಾಚಿ, ಇನ್ನೊಂದು ಕೈಯಲ್ಲಿ ಮೊಮ್ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, ಶಿವ ಶಿವಾ ಎನ್ನುತ್ತ ಕೂತಳು. ಸೂಜಿ ಒಳಗೆ ಹೋಯಿತು. ಸಿರಿಂಜಿಗೆ ಸಲೀಸಾಗಿ ರಕ್ತ ಬಂತು.

"ಆಯ್ತತ್ತೆ."

"ಅಷ್ಟೇಯಾ? ಇದ್ಕಾ ನಾನು ಜೋಳದೊಲ್ದಲ್ಲಿ ಕೂತಿದ್ದು!"

ಅಟ್ಟದಿಂದ ಫೈಲು ಕೆಳಗಿಳಿಯಿತು. ಕೆಲಸವೇನೂ ಮಾರನೆಯ ದಿನವೇ ಸಿಗಲಿಲ್ಲ. ಇನ್ನೂ ಎರಡು ಕಡೆ ಇಲ್ಲ ಅಂದರು. ಆಮೇಲೆ ಹುಣಸೂರಿನ ಚಿಕ್ಕ ನರ್ಸಿಂಗ್ ಹೋಮಿನಿಂದ ಕರೆ ಬಂತು. ಅಲ್ಲಿನ ಡಾಕ್ಟರೂ ಗ್ಯಾಪಿನ ಮಾತನ್ನೇ ಎತ್ತಿದರು.

ಈ ಸಲ ಪ್ರಮೀಳಾ ತಲೆ ತಗ್ಗಿಸಲಿಲ್ಲ. "ಹೌದು ಸರ್, ಎಂಟು ವರ್ಷ ಬಿಟ್ಟಿದ್ದೆ. ಹೊಸ ಮೆಷಿನ್ ತೋರ್ಸಿದ್ರೆ ಕಲೀತೀನಿ. ರಕ್ತ ತೆಗೆಯೋದನ್ನ ಈಗ್ಲೇ ನೋಡಿ ಬೇಕಾದ್ರೆ."

ಹೊರಗೆ ಬೆಂಚಿನ ಮೇಲೆ ಬಡಕಲು ಮುದುಕಿಯೊಬ್ಬಳು ಪರೀಕ್ಷೆಗೆ ರಕ್ತ ಕೊಡಲು ಕಾಯುತ್ತಿದ್ದಳು. ಪ್ರಮೀಳಾ ಅವಳ ತೋಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಮೆಲ್ಲಗೆ ಉಜ್ಜಿ ಬೆಚ್ಚಗೆ ಮಾಡಿ, ಯಾವೂರವ್ವ ಎಂದು ಮಾತಿಗೆಳೆದಳು. ಮುದುಕಿ ಊರಿನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಸಿರಿಂಜು ತುಂಬಿತ್ತು.

"ಸೋಮವಾರದಿಂದ ಬನ್ನಿ. ಬೆಳಿಗ್ಗೆ ಹೊತ್ತು ಮಾತ್ರ. ಮೂರು ತಿಂಗಳು ನೋಡೋಣ" ಅಂದರು ಡಾಕ್ಟರು.

ಸೋಮವಾರ ಪ್ರಮೀಳಾ ಒಬ್ಬಳೇ ಬಸ್ಸು ಹತ್ತಿದಳು. ಮಧ್ಯಾಹ್ನ ಎರಡೂವರೆಗೆ ವಾಪಸು ಬಂದು, ಚಪ್ಪಲಿ ಬಿಟ್ಟು, ನಡುಮನೆಯ ಗೋಡೆಗೆ ಒರಗಿ ಕೂತಳು.

"ಎಷ್ಟು ಜನುಕ್ಕೆ?" ಎಂದು ಚಿಕ್ಕಬೀರಮ್ಮ ಕೇಳಿದಳು.

"ಹತ್ತೊಂಬತ್ತು. ಒಬ್ರಿಗೆ ಮಾತ್ರ ಎರಡು ಸಲ ಚುಚ್ಬೇಕಾಯ್ತು."

"ಬೈದ್ರಾ?"

"ಇಲ್ಲ ಅತ್ತೆ. ನಾಳೆ ಅವ್ರ ಸೊಸೇನೂ ಕಳಿಸ್ತೀನಿ ಅಂದ್ರು." ಇನ್ನೂ ಏನೋ ಹೇಳುವುದಿತ್ತು. ಹೇಳುತ್ತ ಹೇಳುತ್ತಲೇ ಕಣ್ಣು ಎಳೆದು, ಅಲ್ಲೇ ನೆಲಕ್ಕೆ ಒರಗಿ ನಿದ್ದೆಹೋದಳು.

ಚಿಕ್ಕಬೀರಮ್ಮ ಒಂದು ದಿಂಬು ತಂದು ಸೊಸೆಯ ತಲೆಯ ಕೆಳಗೆ ಸರಿಸಿದಳು. ಸ್ಕೂಲಿನಿಂದ ಬರುವ ಪುಟ್ಟಿ ಗಲಾಟೆ ಮಾಡಿ ಎಬ್ಬಿಸಿಯಾಳೆಂದು, ಅವಳನ್ನು ಬೀದಿಯಲ್ಲೇ ತಡೆಯಲು ಬಾಗಿಲಿಗೆ ಹೋಗಿ ನಿಂತಳು.