ಒಣ ನಲ್ಲಿಗೆ ನೂರಕ್ಕೆ ನೂರು

ಹೊಲಿಗೆ ಕೋಣೆಯ ನಲ್ಲಿಯಲ್ಲಿ ನೀರು ನಿಂತು ಎರಡು ವರ್ಷವಾಗಿತ್ತು. ಅದರ ಮೇಲೆ ಕ್ಯಾಮೆರಾ ಬಂದು ಕೂತು ಎರಡು ತಿಂಗಳು. ಪರದೇಶದವರು ವೈದ್ಯ ಕಾಲೇಜಿಗೆ ದಾನ ಕೊಟ್ಟ ಬುದ್ಧಿವಂತ ಯಂತ್ರವದು. ವಿದ್ಯಾರ್ಥಿಗಳು ಕೈ ತೊಳೆಯುವುದನ್ನು ತಾನೇ ನೋಡಿ, ತಾನೇ ಅಂಕ ಹಾಕುತ್ತಿತ್ತು. ಬೆರಳ ಸಂದಿ, ಉಗುರು, ಮಣಿಕಟ್ಟು, ಎಲ್ಲ ಬೇಕು ಅದಕ್ಕೆ. ನೀರೊಂದು ಬೇಡ. ಹುಡುಗರು ಒಣ ನಲ್ಲಿಯ ಕೆಳಗೆ ಒಣ ಕೈ ಉಜ್ಜಿ ನೂರಕ್ಕೆ ನೂರು ಹೊಡೆಯುತ್ತಿದ್ದರು.

ಆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಯ ಹೊಲಿಯುವುದನ್ನು ಕಲಿಸುತ್ತಿದ್ದವರು ನರ್ಸಕ್ಕ. ಯಂತ್ರದಲ್ಲಿ ಪಾಸಾಗದವರು ಇನ್ನು ಕಲಿಸುವಂತಿಲ್ಲ ಎಂದು ನೋಟೀಸು ಬಂತು. ನರ್ಸಕ್ಕ ಎಂದಿನಂತೆ ಬಕೆಟ್ಟಿನಿಂದ ಮಗ್ಗಿನಲ್ಲಿ ನೀರು ಹುಯ್ದುಕೊಂಡು, ಸೋಪು ಹಚ್ಚಿ, ಮೊಣಕೈವರೆಗೆ ತಿಕ್ಕಿ ತೊಳೆದರು. ಯಂತ್ರ ಹುಟ್ಟಿದಾಗಿನಿಂದ ಮಗ್ಗು ಕಂಡಿರಲಿಲ್ಲ. "ಕೈ ತೊಳೆದಿಲ್ಲ. ಸೊನ್ನೆ" ಎಂದಿತು, ಇಂಪಾಗಿ.

"ನಲ್ಲಿ ಕೆಳಗೆ ಒಂದು ನಿಮಿಷ ಸುಮ್ಮನೆ ಕೈ ಆಡಿಸಿ ನರ್ಸಕ್ಕ," ಎಂದರು ಪ್ರಿನ್ಸಿಪಾಲರು. "ನಿಮ್ಮ ಗಂಟೇನು ಹೋಗುತ್ತೆ?"

"ನಾನೇ ಆಡಿಸಿದ್ರೆ ಈ ಮಕ್ಕಳು ಅದನ್ನೇ ತೊಳೆಯೋದು ಅಂದ್ಕೋತಾರೆ ಸಾರ್. ಆ ಮೂದೇವಿ ಮುಂದೆ ಬೇಕಾದ್ರೆ ನೀವೇ ಕುಣೀರಿ."

"ನಾಳೆ ಕೊನೇ ಅವಕಾಶ. ಆಮೇಲೆ ನನ್ನನ್ನ ಅನ್ಬೇಡಿ."

ಮರುದಿನ ಎರಡನೇ ಯಂತ್ರ ಬಂತು. ಫೋಟೊಗೆ ನಗುತ್ತ ಪೆಟ್ಟಿಗೆ ಬಿಚ್ಚುವಾಗ ಅದರ ತಗಡಿನ ಪಟ್ಟಿ ಪ್ರಿನ್ಸಿಪಾಲರ ಬಲ ಹೆಬ್ಬೆರಳನ್ನು ಸೀಳಿಬಿಟ್ಟಿತು. ರಕ್ತ ಸುರಿಸುತ್ತ ಹೊಲಿಗೆ ಕೋಣೆಗೆ ಓಡಿಬಂದರು.

"ನರ್ಸಕ್ಕ, ಬೇಗ!"

ನರ್ಸಕ್ಕ ಗಾಯಕ್ಕೆ ಬಟ್ಟೆ ಒತ್ತಿ ಹಿಡಿದರು. "ನಾನು ಫೇಲಲ್ವಾ ಸಾರ್? ಏ ರ‍್ಯಾಂಕಮ್ಮ, ಬಾ ತಾಯಿ. ನೂರಕ್ಕೆ ನೂರು ನಿಂದು. ನೀನೇ ಹೊಲಿ."

ತರಗತಿಗೇ ಮೊದಲಿಗಳಾದ ಆ ಹುಡುಗಿ ನಲ್ಲಿಯ ಕೆಳಗೆ ನಿಂತು, ಒಂದು ಬೆರಳೂ ಬಿಡದೆ ಶಿಸ್ತಾಗಿ ಒಣ ಕೈ ಉಜ್ಜಿಕೊಂಡಳು. "ಅತ್ಯುತ್ತಮ" ಎಂದಿತು ಯಂತ್ರ. ಗ್ಲೌಸು ಮುಗಿದು ವಾರವಾಗಿತ್ತು. ಬರಿಗೈಯಲ್ಲೇ ಸೂಜಿ ಎತ್ತಿಕೊಂಡಳು.

"ಏಯ್! ಆ ಕೈಯಲ್ಲಿ ಮುಟ್ಟಬೇಡ!" ಪ್ರಿನ್ಸಿಪಾಲರು ಕುರ್ಚಿಯ ಸಮೇತ ಹಿಂದೆ ಸರಿದರು. "ನೀರೆಲ್ಲಿ? ಮೊದಲು ಬಕೆಟ್ಟು ತಗೊಂಡ್ಬಾ!"

"ಸಾರ್, ಯಂತ್ರ ಅತ್ಯುತ್ತಮ ಅಂತು..."

"ಅದಕ್ಕೇನು ಗೊತ್ತು, ಮಣ್ಣು!"

ಕೋಣೆ ತುಂಬ ಹುಡುಗರಿದ್ದರು. ಎಲ್ಲರೂ ಕೇಳಿಸಿಕೊಂಡರು. ಒಬ್ಬ ಕಿಸಕ್ಕನೆ ನಕ್ಕ. ರ‍್ಯಾಂಕಮ್ಮ ಕೆಂಪಗಾಗಿ ಮಗ್ಗಿನಲ್ಲಿ ನೀರು ಹುಯ್ದಳು. ನರ್ಸಕ್ಕ ಮೊಣಕೈವರೆಗೆ ತೊಳೆದುಕೊಂಡು ಐದು ಹೊಲಿಗೆ ಹಾಕಿದರು.

ಮರುದಿನ ಬೆಳಿಗ್ಗೆ ಕೊಳಾಯಿ ರಿಪೇರಿಯವನು ಬಂದ. ಪ್ರಿನ್ಸಿಪಾಲರ ಕೋಣೆಯ ನಲ್ಲಿಯಲ್ಲಿ ಧಾರಾಳವಾಗಿ ನೀರು ಬಂತು. ಹೊಲಿಗೆ ಕೋಣೆಗೆ ಕಾಗದ ಬಂತು: ಯಂತ್ರದಲ್ಲಿ ಅನುತ್ತೀರ್ಣರಾದ ಕಾರಣ ನರ್ಸಕ್ಕನಿಗೆ ಬೋಧನೆಯಿಂದ ಬಿಡುಗಡೆ, ಬಟ್ಟೆ ಉಗ್ರಾಣಕ್ಕೆ ವರ್ಗ.

ಕೆಳಗಿನ ಸಹಿ ಸೊಟ್ಟಗಿತ್ತು. ಹೆಬ್ಬೆರಳಿನ ಬ್ಯಾಂಡೇಜು ಅಡ್ಡ ಬಂದಿರಬೇಕು. ಅದು ಜಾರುವ ಮಾತೇ ಇಲ್ಲ, ಕಟ್ಟಿದವರು ನರ್ಸಕ್ಕ.