ಎಲೆಯಿಟ್ಟ ಕೈ

"ಅಲ್ಲೇ ನಿಂತ್ಕೊಳಪ್ಪ, ಹೊಸಲು ದಾಟಬೇಡ" ಎಂದಳು ಲಕ್ಷ್ಮೀನರಸಮ್ಮ, ಹಣ್ಣಾದ ರೇಷ್ಮೆಹುಳಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಾ.

ಬಾಗಿಲಲ್ಲಿ ನಿಂತವನು ನರೇಂದ್ರ, ಚಿಕ್ಕಬಳ್ಳಾಪುರದ ಚರ್ಚೊಂದರಲ್ಲಿ ಕೀಬೋರ್ಡ್ ನುಡಿಸುವವನು. ಅವನ ದೊಡ್ಡಪ್ಪ ಸಮಾಧಾನಪ್ಪ ಬೆಳಗಿನ ಜಾವ ತೀರಿಹೋಗಿದ್ದ. ದಿಬ್ಬೂರಹಳ್ಳಿಗೆಲ್ಲ ಸುದ್ದಿ ಮುಟ್ಟಿತ್ತು, ಲಕ್ಷ್ಮೀನರಸಮ್ಮನಿಗೂ ಮುಟ್ಟಿತ್ತು. ಹೋಗಿ ಒಂದು ಸಲ ಮುಖ ನೋಡಬೇಕೆಂದು ಜೀವ ಎಳೆಯುತ್ತಿತ್ತು. ಆದರೆ ಹುಳ ಹಣ್ಣಾಗುವುದು ಯಾರ ಸಾವಿಗೂ ಕಾಯುವುದಿಲ್ಲವಲ್ಲ. ಹೆಣದ ಹತ್ತಿರ ಹೋದವರು ಆ ಬೆಳೆ ಮುಗಿಯುವವರೆಗೆ ಹುಳದ ಮನೆಗೆ ಕಾಲಿಡುವಂತಿಲ್ಲ. ಸೂತಕದ ಕೈ ತಾಗಿದರೆ ಹುಳ ಗೂಡು ಕಟ್ಟುವುದಿಲ್ಲವೆಂದು ಅವಳಿಗೆ ಅತ್ತೆ ಹೇಳಿದ್ದಳು, ಅತ್ತೆಗೆ ಅವಳ ಅತ್ತೆ. ಸೊಸೆ ಮುನಿಲಕ್ಷ್ಮಿ ಒಬ್ಬಳಿಂದ ಹುಳದ ಅಷ್ಟು ತಟ್ಟೆ ಖಾಲಿಯಾಗುವ ಮಾತೂ ಅಲ್ಲ.

"ಅಜ್ಜಿ, ದೊಡ್ಡಪ್ಪ ಬರೆದ ಹಾಡಿದ್ಯಲ್ಲ, ಎಲೆಯಿಟ್ಟ ಕೈಯೇ ಅಂತ. ಅದನ್ನ ಅಕ್ಕನ ರಾಗದಲ್ಲೇ, ಅಂದ್ರೆ ನಿಮ್ಮ ರಾಗದಲ್ಲೇ, ಹಾಡಿ ಮಣ್ಣು ಮಾಡಿ ಅಂತ ದೊಡ್ಡಮ್ಮನಿಗೆ ಹೇಳ್ಹೋಗಿದ್ದಾರೆ."

"ಹಾಡ್ರಪ್ಪ ಮತ್ತೆ."

"ಯಾರಿಗೂ ಬರಲ್ಲ. ನಾನು ಹೊಸ ರಾಗ ಕೂಡಿಸಿದ ಮೇಲೆ ಎಲ್ಲಾರೂ ಅದನ್ನೇ ಹಾಡ್ಕೊಂಡ್ ಬಂದ್ರು. ದೊಡ್ಡಪ್ಪನೂ ಹಾಡ್ತಿದ್ರು, ಒಂದು ಮಾತು ಅನ್ಲಿಲ್ಲ." ನರೇಂದ್ರ ಫೋನನ್ನು ಕಿಟಕಿಯ ಹತ್ತಿರ ಹಿಡಿದ. "ಇದಕ್ಕೆ ಹಾಡ್ಬಿಡಿ, ನಾವು ಕಲ್ತ್ಕೊಂತೀವಿ."

ಲಕ್ಷ್ಮೀನರಸಮ್ಮ ಗಂಟಲು ಸರಿಮಾಡಿಕೊಂಡಳು. ಎರಡು ಸಾಲು ಬಂತು. ಮೂರನೆಯದರ ತಿರುವಿನಲ್ಲಿ ರಾಗ ಎತ್ತಲೋ ಹೊರಟುಹೋಯಿತು. ಮತ್ತೆ ಮೊದಲಿಂದ ಹಿಡಿದಳು, ಮತ್ತೆ ಅಲ್ಲೇ ತಪ್ಪಿತು. ಅವಳಿಗೆ ಅಳು ಬಂತು.

"ನನ್ನ ರಾಗಾನೇ ನಂಗೆ ಬೆನ್ನು ತೋರಿಸ್ತಲ್ಲಪ್ಪ. ನೀನು ಹೋಗು. ನಿನ್ನ ರಾಗದಲ್ಲೇ ಹಾಡಿಬಿಡಿ."

*

ಆಗ ಲಕ್ಷ್ಮೀನರಸಮ್ಮ ಮದುವೆಯಾಗಿ ಬಂದ ಹೊಸದು. ಸಮಾಧಾನಪ್ಪ ಸೊಪ್ಪು ಕೊಯ್ಯುವ ಕೂಲಿಗೆ ಬರುತ್ತಿದ್ದ. ಹಿಪ್ಪುನೇರಳೆ ಹೊರೆ ಇಳಿಸಿ, ಬೀಡಿ ಸೇದುವ ನೆಪದಲ್ಲಿ ಕಿಟಕಿಯಾಚೆ ನಿಲ್ಲುತ್ತಿದ್ದ. ಒಳಗೆ ಅವಳು ಎಲೆ ಹಾಕುತ್ತಾ, "ತಿನ್ರವ್ವ, ತಿನ್ನಿ" ಎಂದು ಹುಳಗಳಿಗೆ ಹಾಡಿಕೊಳ್ಳುವಳು. ಹಾಡು ಅವಳದೇ, ಕೈಯ ಆಟಕ್ಕೆ ತಾನಾಗಿ ಹುಟ್ಟಿದ್ದು.

ಒಂದು ಮಳೆಗಾಲದಲ್ಲಿ ಜ್ವರ ಬಂದು ಅವನ ಮಗಳು ತೀರಿಹೋದಳು. ಮಣ್ಣು ಮಾಡಿದವನು ಕೆಲಸಕ್ಕೆ ಬಂದ, ಹೊರೆಯನ್ನು ಹೊರಗೇ ಇಳಿಸಿ ಕಿಟಕಿಯಾಚೆ ನಿಂತ. ಏನು ಹೇಳಿ ಸಮಾಧಾನ ಮಾಡುವುದೋ ತಿಳಿಯದೆ ಅವಳು ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಹಾಡಿದಳು.

"ಅಕ್ಕಾ, ಆ ರಾಗ ನಂಗೆ ಕೊಡ್ತೀಯಾ?"

"ರಾಗ ಏನು ಪಾವಿನಲ್ಲಿ ಅಳೆದು ಕೊಡೋದೇನೋ? ತಗೊಂಡು ಹೋಗು."

ಮುಂದಿನ ಭಾನುವಾರ ಚರ್ಚಿನಲ್ಲಿ ಆ ರಾಗಕ್ಕೆ ಯೇಸುವಿನ ಹಾಡು ಹುಟ್ಟಿತ್ತು. ಸೋಮವಾರ ಕಿಟಕಿಯಲ್ಲಿ ನಿಂತು ಅವಳಿಗೂ ಹಾಡಿ ತೋರಿಸಿದ. ಹಾಡುತ್ತಾ ಅತ್ತ, ಅವಳೂ ಅತ್ತಳು.

*

ಮಧ್ಯಾಹ್ನ ಹೊರಗೆ ಹೆಜ್ಜೆಗಳ ಸದ್ದಾಯಿತು. ಕಿಟಕಿಯಲ್ಲಿ ನೋಡಿದರೆ ತೋಟದ ದಾರಿಯಲ್ಲಿ ಜನ, ಹೆಗಲ ಮೇಲೆ ಪೆಟ್ಟಿಗೆ. ಸಮಾಧಾನಪ್ಪನ ಹೆಂಡತಿ ಸುಗುಣಮ್ಮ ಎಲ್ಲರಿಗಿಂತ ಮುಂದಿದ್ದಳು.

"ನೀನು ಬರೋಹಂಗಿಲ್ಲ ಅಂತ ಗೊತ್ತು ಕಣಕ್ಕ. ಅದಕ್ಕೆ ನಾವೇ ಬಂದ್ವಿ."

"ರಾಗ ಬರ್ತಾ ಇಲ್ವಲ್ಲೇ ಸುಗುಣಾ, ಏನು ಮಾಡ್ಲಿ?"

ಪೆಟ್ಟಿಗೆಯನ್ನು ಕಿಟಕಿಯ ಕೆಳಗೆ ಬೆಂಚಿನ ಮೇಲಿಟ್ಟರು. ಯಾರೂ ಅವಸರ ಮಾಡಲಿಲ್ಲ. ಮೂಲೆಯ ಒಂದು ತಟ್ಟೆಯಲ್ಲಿ ಹಿಂದೆ ಬಿದ್ದ ಹುಳಗಳು ಇನ್ನೂ ತಿನ್ನುವುದರಲ್ಲಿದ್ದವು. ಬೆಳಗಿನಿಂದ ಅವಕ್ಕೆ ಎಲೆ ಬಿದ್ದಿರಲಿಲ್ಲ. ಅಯ್ಯೋ ಪಾಪ ಎಂದು ಲಕ್ಷ್ಮೀನರಸಮ್ಮ ಬುಟ್ಟಿಗೆ ಕೈಹಾಕಿದಳು. ಒಂದು ಹಿಡಿ ಹರಡಿದಳು, ಇನ್ನೊಂದು ಹಿಡಿ. ಕೈ ತನ್ನ ಹಳೆಯ ಆಟಕ್ಕೆ ಬಿತ್ತು. ಗಂಟಲು ಕೈಯ ಹಿಂದೆ ಹೋಯಿತು.

ಎಲೆಯಿಟ್ಟ ಕೈಯೇ ಗೂಡಿಗೂ ಎತ್ತೀತು,
ಯೇಸುವೇ, ನಿನ್ನ ಕೈ.
ಹಸಿವಿಗೆ ಬಂದವ, ಹಣ್ಣಾಗುವಾಗ
ಬಿಟ್ಟಾನೆಯೇ ಕೈ?

ತಿರುವು ತಪ್ಪಲಿಲ್ಲ. ಎರಡನೆಯ ಸಲಕ್ಕೆ ನರೇಂದ್ರ ಮೆಲ್ಲಗೆ ದನಿ ಕೂಡಿಸಿದ, ಆಮೇಲೆ ಹೊರಗಿದ್ದವರೆಲ್ಲ. ಫೋನು ಅವನ ಜೇಬಿನಲ್ಲೇ ಇತ್ತು.

ಹಾಡು ಮುಗಿದು ಪೆಟ್ಟಿಗೆ ಎತ್ತುವಾಗ ಲಕ್ಷ್ಮೀನರಸಮ್ಮ ನೊಣ ಬಾರದಂತೆ ಕಿಟಕಿಗೆ ಬಿಗಿದ ಜಾಲರಿಯ ಅಂಚು ಬಿಚ್ಚಿದಳು. ಮುನಿಲಕ್ಷ್ಮಿ, "ಅತ್ತೇ, ಹುಳ" ಎಂದಳು. ಅಷ್ಟರಲ್ಲಿ ಅತ್ತೆಯ ಬಲಗೈ ಪೆಟ್ಟಿಗೆಯ ಮೇಲಿತ್ತು.

"ಹೋಗ್ಬಾರೋ ತಮ್ಮಾ."

ಜನ ಕೆರೆಯ ಏರಿ ದಾಟುವವರೆಗೂ ಹಾಡು ಕೇಳುತ್ತಿತ್ತು. ಜಾಲರಿ ಕಟ್ಟುವ ಕೆಲಸವನ್ನು ಸೊಸೆಗೆ ಬಿಟ್ಟು ಲಕ್ಷ್ಮೀನರಸಮ್ಮ ತಟ್ಟೆಗಳ ಕಡೆ ತಿರುಗಿದಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು, ಸಂಜೆಯವರೆಗೂ ಹಣ್ಣಾದ ಹುಳಗಳನ್ನು ಒಂದೊಂದಾಗಿ ಎಡಗೈಯಲ್ಲೇ ಎತ್ತಿ ಚಂದ್ರಿಕೆಗೆ ಬಿಟ್ಟಳು.